ಶುಂಠಿ ಕಿತ್ತ ಮೇಲೆ ಮಣ್ಣಿನ ಲೆಕ್ಕ ಕೇಳೋರು ಯಾರು?

ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶಕ್ಕೆ ಸಾವಿರ ಎಕರೆಗೂ ಮಿಕ್ಕಿ ಜಮೀನು ಹೋಗಿದೆ. ಅಲ್ಲಿಗೆ ಹೊಸ ಕಾರ್ಖಾನೆ ಬರುತ್ತೆ ಅಂದರೆ ಸುತ್ತಲ ಊರಿನವರು ಮೊದಲು ಕೇಳೋದು ಒಂದೇ ಮಾತು: ಕೊಳಕು ನೀರು ಎಲ್ಲಿಗೆ ಬಿಡ್ತಾರೆ? ನ್ಯಾಯವಾದ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಕೊಡೋಕೆ ಮಾಲಿನ್ಯ ನಿಯಂತ್ರಣ ಮಂಡಳಿ ಇದೆ, ಕಾನೂನಿದೆ, ದೂರು ಕೊಡೋಕೆ ಕಚೇರಿ ಇದೆ.

ಕಾರ್ಖಾನೆಯ ಕಾಂಪೌಂಡಿನ ಈಚೆ ನಮ್ಮದೇ ಹೊಲ ಇದೆ. ಅಲ್ಲಿ ಶುಂಠಿ, ಬಾಳೆ, ಟೊಮೆಟೊ, ಅರಿಶಿನಕ್ಕೆ ಅಂತ ವರ್ಷವೆಲ್ಲಾ ನಾವೇ ಸುರಿದ ವಿಷದ ಬಗ್ಗೆ ಮಾತ್ರ ಯಾರೂ ಕೇಳಲ್ಲ. ಕೇಳಿದರೂ ಉತ್ತರ ಕೊಡೋಕೆ ಯಾವ ಮಂಡಳಿಯೂ ಇಲ್ಲ.

ನಾವು ಅದಕ್ಕೆ ವಿಷ ಅಂತಲೂ ಅನ್ನಲ್ಲ, 'ಔಷಧಿ' ಅಂತೀವಿ. ಔಷಧಿ ಹೊಡೆಯೋದು, ಔಷಧಿ ಅಂಗಡಿ, ಔಷಧಿ ಡಬ್ಬ. ಆ ಹೆಸರು ಎಷ್ಟು ಸುಳ್ಳು ಅನ್ನೋದು ನಮ್ಮ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಿಲ್ಲ. 2018ರ ಡಿಸೆಂಬರ್‌ನಲ್ಲಿ ಹನೂರು ಭಾಗದ ಸುಳವಾಡಿಯ ಮಾರಮ್ಮನ ದೇವಸ್ಥಾನದ ಪ್ರಸಾದಕ್ಕೆ ಬೆರೆಸಿದ್ದು ಹೊಲಕ್ಕೆ ಹೊಡೆಯುವ ಕೀಟನಾಶಕವನ್ನೇ. 17 ಜನ ಪ್ರಾಣ ಬಿಟ್ಟರು.

ಈಗ ಕೆಲವರು ಇದಕ್ಕೂ ಒಂದು ಬಾಟಲಿ ತೋರಿಸುತ್ತಾರೆ. 'ಇದರಲ್ಲಿ ಸೂಕ್ಷ್ಮಜೀವಿಗಳಿವೆ, ಎಕರೆಗೆ ಇಷ್ಟು ಬಿಟ್ಟರೆ ಮಣ್ಣಿನ ವಿಷವನ್ನೆಲ್ಲಾ ತಿಂದು ಹಾಕುತ್ತವೆ' ಅನ್ನೋ ಮಾತು ವಾಟ್ಸಾಪಿನಲ್ಲೂ ಓಡಾಡುತ್ತೆ. ವಿಷ ಒಡೆಯುವ ಸೂಕ್ಷ್ಮಜೀವಿಗಳು ಇರೋದು ನಿಜ. ಆದರೆ ಅವು ನಮಗೆ ಬೇಕಾಗಿರೋದು ಬಾಟಲಿಯಲ್ಲಲ್ಲ. ಅವು ನಮ್ಮ ಮಣ್ಣಲ್ಲೇ ಇವೆ. ಅವುಗಳಿಗೆ ಹೊಟ್ಟೆಗೆ ಹಾಕದೆ, ಕೆಲಸಕ್ಕೆ ಸಮಯ ಕೊಡದೆ, ಮೇಲಿಂದ ಮೇಲೆ ವಿಷ ಸುರೀತಾ ಇದ್ದೇವೆ ಅನ್ನೋದೇ ಸಮಸ್ಯೆ. ನಾನು ಹೇಳಬೇಕಾಗಿರೋದು ಇಷ್ಟೇ. ಇದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಣ್ಣಿಗೆ ಹೋಗೋದು ಏನು?

ಶುಂಠಿಯ ಕಾಂಡ ಕೊರಕಕ್ಕೆ, ಗೊಣ್ಣೆ ಹುಳಕ್ಕೆ ಕ್ಲೋರ್‌ಪೈರಿಫಾಸ್ ಹಾಕ್ತಾರೆ. ಕೊಳೆ ರೋಗಕ್ಕೆ ಕಾಪರ್ ಆಕ್ಸಿಕ್ಲೋರೈಡ್, ಮೆಟಲಾಕ್ಸಿಲ್, ಮ್ಯಾಂಕೋಜೆಬ್ ಬುಡಕ್ಕೆ ಸುರೀತಾರೆ. ಬಾಳೆಯ ಗುಣಿಗೆ ಫ್ಯೂರಡಾನ್ ಹರಳು. ಹಿಂದೆ ಥಿಮೆಟ್ ಕೂಡ ಧಾರಾಳವಾಗಿ ಹಾಕುತ್ತಿದ್ದರು, ಅದರ ಬಳಕೆಗೆ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧ ಇದೆ. ಕಳೆಗೆ ಗ್ಲೈಫೋಸೇಟ್. ಟೊಮೆಟೊಗೆ ಇಮಿಡಾಕ್ಲೋಪ್ರಿಡ್, ಸೈಪರ್‌ಮೆಥ್ರಿನ್.

ಇವೆಲ್ಲಾ ಮಣ್ಣಲ್ಲಿ ಒಂದೇ ಸಮ ಉಳಿಯಲ್ಲ. ಹಾಕಿದ್ದರಲ್ಲಿ ಅರ್ಧ ಕರಗೋಕೆ ಹಿಡಿಯುವ ಕಾಲಕ್ಕೆ ವಿಜ್ಞಾನಿಗಳು 'ಅರ್ಧಾಯುಷ್ಯ' ಅಂತಾರೆ. ಕ್ಲೋರ್‌ಪೈರಿಫಾಸ್‌ಗೆ ಅದು ಸಾಮಾನ್ಯವಾಗಿ 2ರಿಂದ 4 ತಿಂಗಳು. ಮಣ್ಣು, ಬಿಸಿಲು, ತೇವ ನೋಡಿಕೊಂಡು ಎರಡು ವಾರಕ್ಕೂ ಇಳಿಯಬಹುದು, ಒಂದು ವರ್ಷ ದಾಟಲೂಬಹುದು. ಇಮಿಡಾಕ್ಲೋಪ್ರಿಡ್ ಕೆಲವು ಮಣ್ಣಲ್ಲಿ ವರ್ಷದ ಮೇಲೂ ಇರುತ್ತೆ. ನಮ್ಮ ಅಪ್ಪ, ತಾತಂದಿರು ಎರಚಿದ ಡಿಡಿಟಿಗೆ ವರ್ಷಗಟ್ಟಲೆ ಬೇಕು.

ಒಂದೇ ಔಷಧಿ, ಒಂದು ಹೊಲದಲ್ಲಿ ಎರಡು ವಾರ, ಇನ್ನೊಂದರಲ್ಲಿ ಒಂದು ವರ್ಷ. ಈ ವ್ಯತ್ಯಾಸದ ದೊಡ್ಡ ಪಾಲು ಆ ಮಣ್ಣಲ್ಲಿ ಎಷ್ಟು ಜೀವ ಇದೆ ಅನ್ನೋದರ ಮೇಲೆ ನಿಂತಿದೆ.

ವಿಷ ಒಡೆಯುವ ಕೂಲಿಗಳು

ಒಂದು ಚಿಟಿಕೆ ಒಳ್ಳೆಯ ಮಣ್ಣಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ತಿಪ್ಪೆಗೆ ಹಾಕಿದ ಕಸ ಗೊಬ್ಬರ ಆಗೋದು ಇಂಥವುಗಳಿಂದಲೇ. ಅವುಗಳಲ್ಲಿ ಕೆಲವು ಕೀಟನಾಶಕವನ್ನೂ ಆಹಾರ ಮಾಡಿಕೊಳ್ಳೋದನ್ನು ಕಲಿತಿವೆ.

ಇದು ಚೆನ್ನಾಗಿ ಗೊತ್ತಾಗಿದ್ದು ಭತ್ತದ ಗದ್ದೆಯಲ್ಲಿ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ದೇಶದ ವಿಜ್ಞಾನಿ ಎನ್. ಸೇತುನಾಥನ್ ಕೆಲಸ ಮಾಡುತ್ತಿದ್ದರು. ಡಯಾಜಿನಾನ್ ಅನ್ನೋ ಕೀಟನಾಶಕವನ್ನು ಮತ್ತೆ ಮತ್ತೆ ಹಾಕಿದ ಗದ್ದೆಯಲ್ಲಿ ಅದು ಬೇಗ ಬೇಗ ಮಾಯವಾಗುತ್ತಿತ್ತು. ಕಾರಣ ಹುಡುಕಿದಾಗ ಗದ್ದೆಯ ನೀರಲ್ಲೇ ಅದನ್ನು ಒಡೆಯುವ ಬ್ಯಾಕ್ಟೀರಿಯಾ ಸಿಕ್ಕಿತು. 1973ರಲ್ಲಿ ಯೋಶಿದಾ ಅವರ ಜೊತೆ ಸೇರಿ ಅದನ್ನು ಪ್ರಕಟಿಸಿದರು. ಆಮೇಲೆ ಫ್ಯೂರಡಾನ್‌ನಲ್ಲಿರುವ ಕಾರ್ಬೊಫ್ಯೂರಾನ್ ವಿಷಯದಲ್ಲೂ ಹೀಗೇ ಆಗೋದು ಬೇರೆ ಬೇರೆ ದೇಶಗಳಲ್ಲಿ ಕಂಡುಬಂತು.

ಇದರಲ್ಲಿ ನಮಗೊಂದು ಪಾಠ ಇದೆ. 'ಮೊದಲು ಒಂದು ಹಿಡಿ ಹರಳು ಹಾಕಿದರೆ ಸಾಕಿತ್ತು, ಈಗ ಹುಳ ಸಾಯ್ತಿಲ್ಲ, ಮಾಲು ಡೂಪ್ಲಿಕೇಟು' ಅಂತ ಡೋಸ್ ಜಾಸ್ತಿ ಮಾಡುವವರು ನಮ್ಮಲ್ಲಿ ಇದ್ದಾರೆ. ಡೂಪ್ಲಿಕೇಟ್ ಮಾಲೂ ಇರಬಹುದು, ಹುಳವೇ ಗಟ್ಟಿಯಾಗಿರಬಹುದು. ಆದರೆ ಅದೇ ಔಷಧಿಯನ್ನು ಅದೇ ಜಮೀನಿಗೆ ವರ್ಷಾ ವರ್ಷಾ ಹಾಕಿದ್ದರಿಂದ ಮಣ್ಣಿನ ಜೀವಿಗಳೇ ಅದನ್ನು ಬೇಗ ಮುಗಿಸುತ್ತಿರಲೂಬಹುದು. ಆಗ ಡೋಸ್ ಹೆಚ್ಚಿಸೋದು ದುಡ್ಡಿಗೂ ದಂಡ, ಮಣ್ಣಿಗೂ ದಂಡ.

ನಮ್ಮ ರಾಜ್ಯದಲ್ಲೂ ಈ ಕೆಲಸ ಆಗಿದೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಎಚ್.ಕೆ. ಮನೋನ್ಮಣಿ ಮತ್ತು ಸಂಗಡಿಗರು ಬಿಎಚ್‌ಸಿ ಪುಡಿಯ ವಿಷವನ್ನು ಒಡೆಯುವ ಸೂಕ್ಷ್ಮಜೀವಿಗಳ ಗುಂಪನ್ನು ಬೆಳೆಸಿ 2000ದಲ್ಲಿ ಪ್ರಕಟಿಸಿದರು. ಡಿಡಿಟಿ ಮೇಲೂ ಅಲ್ಲಿ ಕೆಲಸ ನಡೆದಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ಎಚ್.ಝಡ್. ನಿನ್ನೇಕರ್ ಅವರ ತಂಡ ಸೈಪರ್‌ಮೆಥ್ರಿನ್ ಒಡೆಯುವ ಮೈಕ್ರೊಕಾಕಸ್ ಬ್ಯಾಕ್ಟೀರಿಯಾವನ್ನು ಮಣ್ಣಿನಿಂದಲೇ ಬೇರ್ಪಡಿಸಿತು. ಅದು ಪ್ರಕಟವಾದದ್ದು 2008ರಲ್ಲಿ.

ಹಾಗಾದರೆ ಬಾಟಲಿ ಯಾಕೆ ಬೇಡ?

ಪ್ರಯೋಗಶಾಲೆಯ ಫ್ಲಾಸ್ಕಿನಲ್ಲಿ ಹದವಾದ ಬಿಸಿ, ಹದವಾದ ನೀರು, ಒಂದೇ ವಿಷ. ಗುಂಡ್ಲುಪೇಟೆಯ ಹೊಲದಲ್ಲಿ ಏಪ್ರಿಲ್ ಬಿಸಿಲು, ಒಣಗಿದ ಕೆಮ್ಮಣ್ಣು, ಐದಾರು ಥರದ ಔಷಧಿ ಒಟ್ಟಿಗೆ. ಹೊರಗಿಂದ ತಂದು ಬಿಟ್ಟ ಜೀವಿಗೆ ಅಲ್ಲಿ ಮೊದಲೇ ಇರುವ ಕೋಟ್ಯಂತರ ಜೀವಿಗಳ ಜೊತೆ ಅನ್ನಕ್ಕೆ ಪೈಪೋಟಿ. ಅದನ್ನೇ ಹಿಡಿದು ತಿನ್ನುವ ಇನ್ನೂ ದೊಡ್ಡ ಸೂಕ್ಷ್ಮಜೀವಿಗಳೂ ಇವೆ. ಬಹಳ ಸಲ ಕೆಲವು ವಾರಗಳಲ್ಲೇ ಅದರ ಸಂಖ್ಯೆ ಕುಸಿಯುತ್ತೆ.

ಆಸ್ಟ್ರೇಲಿಯಾದಲ್ಲಿ ಸಿಎಸ್ಐಆರ್‌ಒ ಅನ್ನೋ ಸರ್ಕಾರಿ ಸಂಸ್ಥೆ ಮಣ್ಣಿನ ಬ್ಯಾಕ್ಟೀರಿಯಾದಿಂದ ವಿಷ ಒಡೆಯುವ ಕಿಣ್ವ ತೆಗೆದು, ಅದು 'ಲ್ಯಾಂಡ್‌ಗಾರ್ಡ್' ಅನ್ನೋ ಹೆಸರಲ್ಲಿ ಮಾರುಕಟ್ಟೆಗೂ ಬಂತು. ಅದನ್ನು ಬಳಸಿದ್ದು ಕುರಿ ಅದ್ದುವ ತೊಟ್ಟಿಯ ಔಷಧಿ ನೀರಿನಂಥದ್ದಕ್ಕೆ. ಒಂದು ಕಡೆ ನಿಂತಿರುವ, ಯಾವ ವಿಷ ಅಂತ ಗೊತ್ತಿರುವ ನೀರು ಅದು. ಎಕರೆಗಟ್ಟಲೆ ಹರಡಿದ ಮಣ್ಣಿನ ಕಥೆಯೇ ಬೇರೆ.

ನಮ್ಮ ದೇಶದ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಜೈವಿಕ ಗೊಬ್ಬರಗಳಿಗೆ ಮಾನದಂಡ ಇದೆ. ರೈಜೋಬಿಯಂ, ಅಜೋಸ್ಪಿರಿಲಂ, ರಂಜಕ ಕರಗಿಸುವ ಬ್ಯಾಕ್ಟೀರಿಯಾ ಇಂಥವು. ಇವು ಗಿಡಕ್ಕೆ ಸಾರಜನಕ, ರಂಜಕ ಸಿಗುವಂತೆ ಮಾಡೋಕೆ ಇರೋವು, ಒಳ್ಳೆಯವೇ. ಕೀಟನಾಶಕ ತಿನ್ನೋದು ಆ ಮಾನದಂಡದ ಭಾಗ ಅಲ್ಲ. ಆದ್ದರಿಂದ ಯಾರಾದರೂ 'ವಿಷ ತಿನ್ನುವ' ಬಾಟಲಿ ತಂದರೆ ಮೂರು ಪ್ರಶ್ನೆ ಕೇಳಿ. ಯಾವ ಔಷಧಿಯನ್ನು ಒಡೆಯುತ್ತೆ, ಹೆಸರು ಹೇಳಿ? ಯಾವ ಕೃಷಿ ವಿಶ್ವವಿದ್ಯಾಲಯ ಹೊಲದಲ್ಲಿ ಪರೀಕ್ಷೆ ಮಾಡಿದೆ? ಒಡೆದ ಮೇಲೆ ಏನಾಗಿ ಉಳಿಯುತ್ತೆ?

ಒಡೆದದ್ದೆಲ್ಲಾ ಸತ್ತ ಹಾಗಲ್ಲ

ಆ ಮೂರನೇ ಪ್ರಶ್ನೆ ಬಹಳ ಮುಖ್ಯ. ಅದಕ್ಕೆ ಕಾಸರಗೋಡಿನ ಉದಾಹರಣೆ ಸಾಕು. ಕನ್ನಡ, ತುಳು ಮಾತಾಡುವ ಎಣ್ಮಕಜೆಯಂಥ ಪಂಚಾಯತಿಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಕ್ಕೆ ಅಂತ ಸುಮಾರು ಎರಡು ದಶಕ, 2000ದವರೆಗೂ, ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದರು. ಪಡ್ರೆಯ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಅಂಥವರು ದನಿ ಎತ್ತಿದರು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ ಭಾಗದ ಊರುಗಳೂ ಇದೇ ವಿಷದಿಂದ ನರಳಿದವು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಪೂರ್ತಿ ಅದನ್ನು ನಿಲ್ಲಿಸಿತು.

ಎಂಡೋಸಲ್ಫಾನನ್ನು ಮಣ್ಣಿನ ಜೀವಿಗಳು ಎರಡು ದಾರಿಯಲ್ಲಿ ಒಡೆಯುತ್ತವೆ. ಒಂದು ದಾರಿಯಲ್ಲಿ ಅದು ಅಷ್ಟು ಅಪಾಯ ಇಲ್ಲದ ವಸ್ತು ಆಗುತ್ತೆ. ಇನ್ನೊಂದು ದಾರಿಯಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತೆ. ಅದು ಮೂಲ ವಿಷದಷ್ಟೇ ಕೆಟ್ಟದ್ದು, ಮಣ್ಣಲ್ಲಿ ಇನ್ನೂ ಹೆಚ್ಚು ಕಾಲ ನಿಲ್ಲುತ್ತೆ. 'ಸೂಕ್ಷ್ಮಜೀವಿ ಬದಲಾಯಿಸಿತು' ಅಂದ ತಕ್ಷಣ ನಿಟ್ಟುಸಿರು ಬಿಡುವ ಹಾಗಿಲ್ಲ.

ಕ್ಲೋರ್‌ಪೈರಿಫಾಸ್‌ದೂ ಇಂಥದ್ದೇ ತಕರಾರು. ಅದು ಒಡೆದಾಗ ಟಿಸಿಪಿ ಅನ್ನೋ ವಸ್ತು ಬರುತ್ತೆ. ಅದಕ್ಕೆ ಬ್ಯಾಕ್ಟೀರಿಯಾವನ್ನೇ ಹತ್ತಿಕ್ಕುವ ಗುಣ ಇದೆ. ಅಂದರೆ ಕೆಲಸ ಮಾಡುವ ಕೂಲಿಯ ಕೈಯನ್ನೇ ಆ ಕೆಲಸ ಸುಡುತ್ತೆ. ಒಂದೇ ಹೊಲಕ್ಕೆ ಮೇಲಿಂದ ಮೇಲೆ ಸುರಿದರೆ ಈ ತೊಂದರೆ ಹೆಚ್ಚು.

ಇನ್ನು ಕಾಪರ್ ಆಕ್ಸಿಕ್ಲೋರೈಡ್, ಬೋರ್ಡೊ ದ್ರಾವಣದ ತಾಮ್ರ. ತಾಮ್ರ ಒಂದು ಮೂಲಧಾತು. ಅದನ್ನು ಯಾವ ಜೀವಿಯೂ ಒಡೆದು ಇಲ್ಲ ಅನ್ನಿಸೋಕೆ ಆಗಲ್ಲ. ಹಾಕಿದ್ದು ಬಹುಪಾಲು ಮೇಲ್ಮಣ್ಣಲ್ಲೇ ಕೂತಿರುತ್ತೆ. ಹೆಚ್ಚಾದರೆ ಎರೆಹುಳಕ್ಕೂ ಸೂಕ್ಷ್ಮಜೀವಿಗೂ ಅದೇ ವಿಷ. ಆದ್ದರಿಂದ ತಾಮ್ರದ ವಿಷಯದಲ್ಲಿ ಇರುವ ದಾರಿ ಒಂದೇ, ಕಡಿಮೆ ಹಾಕೋದು.

ನಮ್ಮ ಕೈಲಿ ಆಗೋದು ಏನು?

ಮೊದಲನೆಯದು, ಮಣ್ಣಿಗೆ ಊಟ. ನಿಮ್ಮ ಮನೆಯಲ್ಲಿ ಮಣ್ಣು ಆರೋಗ್ಯ ಕಾರ್ಡ್ ಇದ್ದರೆ ತೆಗೆದು ನೋಡಿ. 'ಸಾವಯವ ಇಂಗಾಲ' ಅಂತ ಒಂದು ಸಾಲು ಇರುತ್ತೆ. ಅದು ಶೇ 0.5ಕ್ಕಿಂತ ಕಡಿಮೆ ಇದ್ದರೆ ನಿಮ್ಮ ಮಣ್ಣಿನ ಜೀವಿಗಳು ಹಸಿದಿವೆ ಅಂತ ಅರ್ಥ. ಹಸಿದ ಕೂಲಿ ವಿಷ ಒಡೆಯಲ್ಲ. ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್ ಹಾಕಿ. ಶುಂಠಿ ಕಿತ್ತ ತಕ್ಷಣ ಇನ್ನೊಂದು ಔಷಧಿ ಬೆಳೆಗೆ ಓಡಬೇಡಿ. ಸೆಣಬು, ಡಯಾಂಚ, ಅಲಸಂದೆ, ಹುರುಳಿ ಯಾವುದಾದರೂ ಒಂದು ಬಿತ್ತಿ ಹೂವಿಗೆ ಬಂದಾಗ ಉತ್ತು ಮಣ್ಣಿಗೆ ಸೇರಿಸಿ. ಕಬ್ಬಿನ ತರಗು, ಬಾಳೆ ದಿಂಡು ಸುಡಬೇಡಿ. ಮಣ್ಣು ಹಿಡಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಸೋರಬಾರದು. ಅಷ್ಟು ತೇವ, ಸ್ವಲ್ಪ ಗಾಳಿ ಸಿಕ್ಕರೆ ಅವು ಕೆಲಸ ಮಾಡುತ್ತವೆ.

ಜೀವಾಮೃತ ಹಾಕುವವರು ನಮ್ಮ ಜಿಲ್ಲೆಯಲ್ಲಿ ಬಹಳ ಜನ ಇದ್ದಾರೆ. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರು ಕನಸು ಕಂಡ ಅಮೃತಭೂಮಿ ಹೊಂಡರಬಾಳಿನಲ್ಲೇ ಇದೆ. ಕೊಳ್ಳೇಗಾಲ ಕಡೆಯ ದೊಡ್ಡಿಂದುವಾಡಿ ಕೈಲಾಸಮೂರ್ತಿ ಅವರ ಸಹಜ ಕೃಷಿಯೂ ಎಲ್ಲರಿಗೂ ಗೊತ್ತು. ಜೀವಾಮೃತವನ್ನು ಮಣ್ಣಿಗೆ ಜೀವ ತುಂಬುವ ಒಂದು ದಾರಿ ಅಂತ ನೋಡೋಣ. ಅದನ್ನೂ ವಿಷ ಇಳಿಸುವ ಮಂತ್ರ ಅಂತ ಮಾಡೋದು ಬೇಡ. ಬೆಳಗ್ಗೆ ಜೀವಾಮೃತ, ಸಂಜೆ ಕ್ಲೋರ್‌ಪೈರಿಫಾಸ್ ಅಂದರೆ ಎರಡೂ ದಂಡ.

ಎರಡನೆಯದು, ಔಷಧಿ ಕಲಸುವ ಜಾಗ. ಹೊಲಕ್ಕೆ ಹೊಡೆದ ವಿಷ ತೆಳುವಾಗಿ ಹರಡುತ್ತೆ. ಆದರೆ ಕ್ಯಾನಿಗೆ ತುಂಬುವಾಗ ಚೆಲ್ಲಿದ್ದು, ತೊಳೆದ ನೀರು, ಉಳಿದ ದ್ರಾವಣ ಎಲ್ಲಾ ಬೀಳೋದು ಬೋರ್‌ವೆಲ್ ಪಕ್ಕ, ತೊಟ್ಟಿ ಪಕ್ಕ, ಕೃಷಿ ಹೊಂಡದ ದಡದಲ್ಲಿ. ವರ್ಷಾನುಗಟ್ಟಲೆ ಅದೇ ಜಾಗದಲ್ಲಿ. ದನ ನೀರು ಕುಡಿಯೋದೂ ಅಲ್ಲೇ.

ಸ್ವೀಡನ್ ದೇಶದ ರೈತರು ಇದಕ್ಕೆ 1990ರ ದಶಕದಲ್ಲೇ ಒಂದು ಅಗ್ಗದ ಉಪಾಯ ಮಾಡಿಕೊಂಡರು. ಹೆಸರು 'ಬಯೋಬೆಡ್'. ಸುಮಾರು ಎರಡು ಅಡಿ ಆಳದ ಗುಂಡಿ, ತಳಕ್ಕೆ ಜೇಡಿಮಣ್ಣು. ಅದರ ಮೇಲೆ ಅರ್ಧ ಪಾಲು ಹುಲ್ಲು, ಕಾಲು ಪಾಲು ಮೇಲ್ಮಣ್ಣು, ಕಾಲು ಪಾಲು ಪೀಟ್ ಅನ್ನೋ ಜೌಗು ನೆಲದ ಕಪ್ಪು ಮಣ್ಣು ಬೆರೆಸಿ ತುಂಬುತ್ತಾರೆ. ಮೇಲೆ ಹುಲ್ಲು ಬೆಳೆಸುತ್ತಾರೆ. ಸ್ಪ್ರೇಯರ್ ತುಂಬೋದು, ತೊಳೆಯೋದು ಎಲ್ಲಾ ಅದರ ಮೇಲೆ. ಕೊಳೆಯುವ ಹುಲ್ಲಲ್ಲಿ ಬೆಳೆಯುವ ಶಿಲೀಂಧ್ರಗಳು ಗಟ್ಟಿ ನಾರನ್ನು ಒಡೆಯುವ ಕಿಣ್ವದಿಂದಲೇ ಕೀಟನಾಶಕವನ್ನೂ ಒಡೆಯುತ್ತವೆ. ಬ್ರಿಟನ್ನಿನಲ್ಲಿ ಪೀಟ್ ಬದಲಿಗೆ ಕಾಂಪೋಸ್ಟ್ ಹಾಕಿ ಇದನ್ನೇ ಮಾಡುತ್ತಾರೆ.

ನಮ್ಮಲ್ಲಿ ರಾಗಿ ಹುಲ್ಲು ಇದೆ, ಕಾಂಪೋಸ್ಟ್ ಇದೆ, ಕೆರೆಯ ಜೇಡಿ ಇದೆ. ಮಳೆ ನೀರು ನುಗ್ಗದ ಹಾಗೆ ಸುತ್ತ ಬದು, ಮೇಲೊಂದು ಶೀಟು ಬೇಕು. ಬೋರ್‌ವೆಲ್‌ನಿಂದ ದೂರ ಇರಬೇಕು, ಮಕ್ಕಳು, ದನ ಹೋಗದ ಹಾಗೆ ಬೇಲಿ ಇರಬೇಕು. ಆ ಮಣ್ಣನ್ನು ತರಕಾರಿ ಮಡಿಗೆ ಹಾಕಬಾರದು. ಡಬ್ಬದಲ್ಲಿ ಉಳಿದ ಗಟ್ಟಿ ಔಷಧಿ ಸುರಿಯೋಕೂ ಅದು ಜಾಗ ಅಲ್ಲ. ಡಬ್ಬವನ್ನು ಮೂರು ಸಲ ತೊಳೆದು ಆ ನೀರನ್ನು ಕ್ಯಾನಿಗೇ ಸೇರಿಸಿ ಬೆಳೆಗೆ ಹೊಡೆಯೋದು ಸರಿಯಾದ ಕ್ರಮ. ಇದರ ಅಳತೆ, ಜಾಗ ಎಲ್ಲಾ ನಮ್ಮ ಹವೆಗೆ ತಕ್ಕ ಹಾಗೆ ಹೊಂದಿಸಿ ತೋರಿಸುವ ಕೆಲಸ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದ್ದು.

ಮೂರನೆಯದು, ಕಳೆನಾಶಕ ಹೊಡೆದ ಜಮೀನಿಗೆ ಒಂದು ಮನೆ ಪರೀಕ್ಷೆ. ಆ ಹೊಲದ ಮಣ್ಣು ಒಂದು ಕುಂಡಕ್ಕೆ, ಔಷಧಿ ಬೀಳದ ಅದೇ ಥರದ ಮಣ್ಣು ಇನ್ನೊಂದು ಕುಂಡಕ್ಕೆ ಹಾಕಿ. ಎರಡರಲ್ಲೂ ಸಾಸಿವೆಯನ್ನೋ ಟೊಮೆಟೊವನ್ನೋ ಬಿತ್ತಿ ಎರಡು ಮೂರು ವಾರ ನೋಡಿ. ಮೊದಲ ಕುಂಡದಲ್ಲಿ ಸಸಿ ಹಳದಿಯಾದರೆ, ಮುರುಟಿದರೆ ಕಳೆನಾಶಕ ಇನ್ನೂ ಉಳಿದಿದೆ ಅಂತ ಅನುಮಾನ ಪಡಬೇಕು. ಇದು ಕೀಟನಾಶಕವನ್ನು ತೋರಿಸಲ್ಲ, ನೆನಪಿರಲಿ.

ಸರ್ಕಾರ, ಪಂಚಾಯತಿ ಮಾಡಬೇಕಾದ್ದು

ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಶುರುವಾಗಿದ್ದು 2015ರಲ್ಲಿ. ಅದರಲ್ಲಿ 12 ಅಂಶ ಪರೀಕ್ಷೆ ಮಾಡುತ್ತಾರೆ. ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಈ 12ರಲ್ಲಿ ಒಂದೂ ಕೀಟನಾಶಕದ ಉಳಿಕೆ ಅಲ್ಲ. ಮಣ್ಣಿಗೆ ಯಾವ ಗೊಬ್ಬರ ಕಡಿಮೆ ಬಿದ್ದಿದೆ ಅಂತ ಕಾರ್ಡ್ ಹೇಳುತ್ತೆ. ಯಾವ ವಿಷ ಹೆಚ್ಚು ಬಿದ್ದಿದೆ ಅಂತ ಹೇಳಲ್ಲ. ಕೀಟನಾಶಕದ ಪರೀಕ್ಷೆ ದುಬಾರಿ, ಪ್ರತಿ ರೈತನಿಗೂ ಮಾಡಿ ಅಂತ ಕೇಳೋದು ಆಗದ ಮಾತು. ಆದರೆ ಹೋಬಳಿಗೆ ಇಷ್ಟು ಹೊಲ ಅಂತ ಆರಿಸಿ, ಶುಂಠಿ, ಟೊಮೆಟೊ, ಬಾಳೆ ಬೆಳೆದ ಮಣ್ಣು ಮತ್ತು ಪಕ್ಕದ ಬೋರ್‌ವೆಲ್ ನೀರನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಪಂಚಾಯತಿ ಬೋರ್ಡಿಗೆ ಹಾಕೋದು ಆಗುವ ಕೆಲಸ.

ಇನ್ನೊಂದು, ಗುತ್ತಿಗೆ. ಕೊಳೆ ರೋಗದ ಭಯಕ್ಕೆ ಶುಂಠಿ ಬೆಳೆಯುವವರು ಅದೇ ಜಮೀನಿಗೆ ಮತ್ತೆ ಬರಲ್ಲ. ಒಂದು ಬೆಳೆ ತೆಗೆದು ಬೇರೆ ಊರಿಗೆ ಹೋಗ್ತಾರೆ. ಕೇರಳದವರಿರಲಿ, ನಮ್ಮವರೇ ಇರಲಿ, ನಾಳೆ ಆ ಮಣ್ಣು ಏನಾಗುತ್ತೆ ಅನ್ನೋದು ಅವರ ಲೆಕ್ಕದಲ್ಲಿ ಬರಲ್ಲ. ಅದು ಅವರ ಕೆಟ್ಟತನ ಅಂತಲ್ಲ, ಕರಾರೇ ಹಾಗಿದೆ. ಎಕರೆಗೆ ಎಷ್ಟು ದುಡ್ಡು, ಎಷ್ಟು ತಿಂಗಳು, ಬೋರ್‌ವೆಲ್ ಯಾರದ್ದು ಅಂತ ಬರೆಯುತ್ತೇವೆ. ಮಣ್ಣಿನ ಬಗ್ಗೆ ಒಂದು ಸಾಲೂ ಬರೆಯಲ್ಲ.

ಆ ಕರಾರು ಪತ್ರಕ್ಕೆ ಮೂರು ಸಾಲು ಸೇರಿಸಿ. ಒಂದು, ಯಾವ ಔಷಧಿ, ಯಾವ ತಾರೀಕು, ಎಷ್ಟು ಹಾಕಿದರು ಅಂತ ಪುಸ್ತಕದಲ್ಲಿ ಬರೆದು ಬಿಲ್ ಸಮೇತ ಜಮೀನಿನವರಿಗೆ ಕೊಡಬೇಕು. ಎರಡು, ನಿಷೇಧ ಆದ ಔಷಧಿ ಹಾಕುವ ಹಾಗಿಲ್ಲ. ಮೂರು, ಬೆಳೆ ಕಿತ್ತ ಮೇಲೆ ಹಸಿರೆಲೆ ಗೊಬ್ಬರದ ಬೀಜ ಬಿತ್ತಿ ಜಮೀನು ಬಿಟ್ಟುಕೊಡಬೇಕು, ಇಲ್ಲವೇ ಅದರ ಖರ್ಚನ್ನು ಹಣದಿಂದ ಹಿಡಿದುಕೊಳ್ಳಬೇಕು. ಸೆಣಬಿನ ಬೀಜದ ದುಡ್ಡು ಶುಂಠಿಯ ಖರ್ಚಿನ ಮುಂದೆ ಏನೂ ಅಲ್ಲ.

ಔಷಧಿಯನ್ನು ನಾಳೆಯಿಂದಲೇ ಪೂರ್ತಿ ಬಿಡಿ ಅಂತ ನಾನು ಹೇಳಲ್ಲ. ಸಾಲ ಮಾಡಿ ಟೊಮೆಟೊ ನಾಟಿ ಮಾಡಿದವರಿಗೆ ಹುಳ ಬಿದ್ದಾಗ ಪಾಠ ಹೇಳೋದು ಸುಲಭ. ಆದರೆ ಸುರಿದ ವಿಷವನ್ನು ಒಡೆಯೋಕೆ ಮಣ್ಣಲ್ಲಿ ಜೀವಿಗಳಿವೆ, ಅವಕ್ಕೆ ಅನ್ನ ಮತ್ತು ಸಮಯ ಬೇಕು, ಅದಕ್ಕೂ ಒಂದು ಮಿತಿ ಇದೆ ಅನ್ನೋದನ್ನು ತಿಳಿದು ಔಷಧಿ ಹಿಡಿಯೋದಕ್ಕೂ ತಿಳಿಯದೆ ಹಿಡಿಯೋದಕ್ಕೂ ವ್ಯತ್ಯಾಸ ಇದೆ.

ಮುಂದಿನ ಗ್ರಾಮಸಭೆಗೆ ಕೃಷಿ ಇಲಾಖೆಯವರು ಬರ್ತಾರೆ. ಬೀಜದ ಸಬ್ಸಿಡಿ, ಟಾರ್ಪಾಲಿನ ಜೊತೆಗೆ ಈ ಎರಡನ್ನೂ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ: ನಮ್ಮ ಹೋಬಳಿಯ ಮಣ್ಣು, ನೀರಿನಲ್ಲಿ ಕೀಟನಾಶಕ ಎಷ್ಟಿದೆ ಅಂತ ಯಾವಾಗ ಪರೀಕ್ಷೆ ಮಾಡುತ್ತೀರಿ? ಔಷಧಿ ಕಲಸುವ ಜಾಗಕ್ಕೆ ಬಯೋಬೆಡ್ ಮಾದರಿ ಒಂದನ್ನು ನಮ್ಮ ಪಂಚಾಯತಿಯಲ್ಲಿ ಯಾವಾಗ ಮಾಡಿ ತೋರಿಸುತ್ತೀರಿ?